ಒಗೆದ ಸೀರೆಯ ಪಂಚನಾಮೆ

ಬಾಯಲ್ಲಿ ಎರಡು ಪಿನ್ನು ಕಚ್ಚಿಕೊಂಡು, ಖಾಕಿ ಸೀರೆಯ ನೆರಿಗೆಯನ್ನು ಎಡಗೈಯಲ್ಲಿ ಹಿಡಿದು ಹೆಡ್ ಕಾನ್‌ಸ್ಟೇಬಲ್ ಭರಮವ್ವ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಕ್ವಾರ್ಟರ್ಸಿನ ಬಾಗಿಲಾಚೆಯಿಂದ ಕಾನ್‌ಸ್ಟೇಬಲ್ ಬೀರಸಿದ್ದಪ್ಪನ ದನಿ ಬಂತು.

"ಅಕ್ಕಾ, ಲಗೂ ಬಾ. ವಾಡೇದಾಗ ಕಳವಾಗೇತಂತ. ಶೂಟಿಂಗ್‌ನವರು ಬಂದು ಠಾಣೇದಾಗ ಕುಂತಾರ."

ಭರಮವ್ವ ಪಿನ್ನು ಚುಚ್ಚಿ ಬಾಯಿ ಖಾಲಿ ಮಾಡಿಕೊಂಡಳು. "ಏನ್ ಹೋಗೇತಿ?"

"ಒಂದ ಸೀರಿ."

"ಒಂದ ಸೀರಿಗೆ ಇಷ್ಟ ಮುಂಜಾನೆ ಹೊಯ್ಕೊಳ್ಳಾಕತ್ತಾರೇನು?"

"ಟಿವಿ ಸೀರಿ ಅಕ್ಕಾ ಅದು. ನಮ್ಮ ನಿಮ್ಮ ಮನೀದಲ್ಲ."

ಅಂದು 2003ರ ಮಾರ್ಚ್ 11, ಮಂಗಳವಾರ. ಯಮಕನಮರಡಿ ಠಾಣೆಯಲ್ಲಿ ಪಿಎಸ್‌ಐ ಅಭಿನಂದನ ಚೌಗಲಾ ಅವರ ಎದುರು ಧಾರಾವಾಹಿಯ ಮ್ಯಾನೇಜರ್ ಶ್ರೇಯಸ ಕುಳಿತಿದ್ದ. ಬೆಂಗಳೂರಿನವನು. ಊರಾಚೆಯ ಹಳೇ ವಾಡೆಯನ್ನು ಬಾಡಿಗೆ ಹಿಡಿದು, ಅಜ್ಜಿಯರ ಕಾಲದ ದೊಡ್ಡ ಮನೆತನದ ಕತೆಯನ್ನು ಚಿತ್ರೀಕರಿಸುತ್ತಿದ್ದರು.

"ಕೋಣಿ ಕೀಲಿ ಮುರದಾರೇನು?" ಪಿಎಸ್‌ಐ ಕೇಳಿದರು.

"ಇಲ್ಲ ಸರ್. ಬೀಗ ಸರಿಯಾಗೇ ಇದೆ."

"ಬ್ಯಾರೆ ಏನರ ಹೋಗೇತಿ?"

"ಏನೂ ಇಲ್ಲ. ಪಕ್ಕದಲ್ಲೇ ದುಬಾರಿ ರೇಷ್ಮೆಯ ಪೈಠಣಿ ಸೀರೆ ಇತ್ತು, ಮುಟ್ಟಿಲ್ಲ."

"ಹೋದ ಸೀರಿ ಹೊಸಾದೇನು?"

"ಅಯ್ಯೋ, ಇಲ್ಲ ಸರ್. ಮೂರು ವಾರದಿಂದ ಅದನ್ನೇ ಉಡಿಸ್ತಾ ಇದೀವಿ. ತೊಳೆದೂ ಇಲ್ಲ."

ಪಿಎಸ್‌ಐ ತಲೆಯೆತ್ತಿದರು. "ಯಾಕ?"

"ಕಂಟಿನ್ಯೂಟಿ ಸರ್. ಕತೇಲಿ ಅದೆಲ್ಲ ಒಂದೇ ದಿನ, ಸೊಸೆ ಮನೆ ತುಂಬೋ ದಿನ. ಸೆರಗಿನ ಮೇಲೆ ಅರಿಶಿನದ ಕಲೆ ಬಿದ್ದಿದೆ, ಅದು ಎಲ್ಲ ಶಾಟ್‌ನಲ್ಲೂ ಹಾಗೇ ಕಾಣ್ಬೇಕು. ಆ ಸೀರೆ ಇಲ್ದೆ ಕ್ಯಾಮೆರಾ ಆನ್ ಮಾಡಕ್ಕಾಗಲ್ಲ."

ಮನೆಯೊಳಗಿನ ಕಳವೆಂದು ಕಲಂ 380ರ ಅಡಿ ಎಫ್‌ಐಆರ್ ದಾಖಲಾಯಿತು. ಪೈಠಣಿ ಬಿಟ್ಟು ಬೆವರಿನ ಸೀರೆ ಒಯ್ದವರು ಯಾರೇ ಆಗಲಿ, ಅವರಿಗೆ ಬೇಕಿದ್ದದ್ದು ಸೀರೆಯಲ್ಲ, ಕೆಲಸ ನಿಲ್ಲುವುದು. ಜೀಪು ಹತ್ತುವಾಗಲೇ ಭರಮವ್ವನ ತಲೆಯಲ್ಲಿ ಇದು ಕೂತುಬಿಟ್ಟಿತ್ತು.

ವಾಡೆಯಲ್ಲಿ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ಶುರುವಾಯಿತು. ಉಡುಪಿನ ಕೋಣೆಯ ಗೂಟಗಳಿಗೆ ಒಂಬತ್ತು ಗಜದ ಸೀರೆಗಳು, ಮೊಳಕೈವರೆಗೆ ತೋಳಿದ್ದ ಕುಪ್ಪಸಗಳು ತೂಗುತ್ತಿದ್ದವು. ಹತ್ತಿರ ಹೋದರೆ ಮುಗ್ಗಲು ವಾಸನೆ. ನೆಲದ ತುಂಬ ಕತ್ತರಿಸಿದ ದಾರದ ತುಣುಕುಗಳು. ಭರಮವ್ವ ಒಂದು ಚಿಟಿಕೆ ದಾರ ಎತ್ತಿಕೊಂಡು, ಕೆಲಸದವಳ ಪಾತ್ರಕ್ಕೆಂದು ಊರಿನಿಂದಲೇ ಕರೆಸಿದ್ದ ಹನಮವ್ವನನ್ನು ಕೇಳಿದಳು.

"ಈ ದಾರ ಏನಬೇ?"

"ನಮ್ಮನ್ನ ಹೊಲಿತಾರ್ರಿ ಬಾಯಾರ."

"ಸೀರಿ ಹೊಲಿತಾರ ಅನ್ನು."

"ಅಲ್ರಿ, ನಮ್ಮನ್ನ. ಮುಂಜಾನೆ ಉಡಿಸಿ, ಮೈಮ್ಯಾಲ ಇದ್ದಂಗನ ನೆರಗಿ, ಸೆರಗು, ಕಚ್ಚಿ ಎಲ್ಲಾ ಹೊಲದ ಬಿಡ್ತಾರ. ಒಂದ ನೆರಗಿ ಹಂದಾಡಬಾರ್ದಂತ. ಕೆಲಸ ಮುಗದ ಮ್ಯಾಲ ಕತ್ತರಿ. ನಡುವ ಕಾಲ್ಮಡಿಯಾಕ ಹೋಗೂಹಂಗಿಲ್ಲ. ಅದಕ್ಕ ನೀರ ಕುಡಿಯೂದ ಬಿಟ್ಟೇವಿ." ಹನಮವ್ವ ಮ್ಯಾನೇಜರನ ಕಡೆ ಗದ್ದ ತೋರಿಸಿದಳು. "ಆಗಿನ ಕಾಲದ ಹೆಣ್ಮಕ್ಕಳು ಕಾಲ್ಮಡಿತಿರಲಿಲ್ಲೇನು, ಕೇಳ್ರಿ ಅವರ್ನ."

ಪಂಚರು ಮುಖ ಆಚೆ ಮಾಡಿಕೊಂಡು ನಕ್ಕರು. ಭರಮವ್ವನಿಗೆ ನಗು ಬರಲಿಲ್ಲ. ಬಂದೋಬಸ್ತಿನ ದಿನಗಳಲ್ಲಿ ಹಿಂದಿನ ರಾತ್ರಿಯಿಂದಲೇ ನೀರು ಬಿಡುವುದು ಅವಳಿಗೂ ರೂಢಿಯಾಗಿತ್ತು. ನಾಲಿಗೆ ಒಣಗಿ, ಕಿಬ್ಬೊಟ್ಟೆ ಹಿಂಡಿ, ರಸ್ತೆಬದಿಯಲ್ಲಿ ನಿಂತಾಗ ಯಾರಾದರೂ ಸಲ್ಯೂಟ್ ಹೊಡೆದರೆ ತಿರುಗಿ ಹೊಡೆಯುವುದೂ ಕಷ್ಟ. ಅದನ್ನು ಅವಳು ನೌಕರಿಯ ಭಾಗವೆಂದೇ ತಿಳಿದಿದ್ದಳು. ಹೆಣ್ಣಿನ ಮೈಗೆ ಸೂಜಿ ಹಿಡಿದು ಬೀಗ ಹಾಕುವುದನ್ನು ಮಾತ್ರ ಅವಳು ಕೇಳಿದ್ದು ಇದೇ ಮೊದಲು.

"ಯಾರ ಹೊಲಿತಾರ?"

"ಗೋಕಾಕದ ರೋಶನಬಿ ಖಾಲಾ. ಇವತ್ತ ಬಂದಿಲ್ಲ."

ಜಗಲಿಯ ಮೇಲೆ ಒಬ್ಬ ಹುಡುಗಿ ಕೈಚೀಲ ತಬ್ಬಿಕೊಂಡು ಬಾಗಿ ಕುಳಿತಿದ್ದಳು. ಹನಮವ್ವ ದನಿ ತಗ್ಗಿಸಿದಳು. "ಇಕೀನ ನೋಡ್ರಿ ಆ ಸೀರಿಯಾಕಿ. ಕುಲಗೋಡದ ತೃಪ್ತಿ. ಹೀರೋಯಿನ್ ಎರಡ ದಿನ ಬಂದು ಮಾರಿ ತೋರಿಸಿ ಹೋದ್ಲು. ಉಳದ ದಿನಾ ಎಲ್ಲಾ ಆಕೀ ಬದ್ಲಿ ಇಕೀನ ನಿಲ್ಲಿಸಿ ಬೆನ್ನಷ್ಟ ತಗೀತಾರ."

ಭರಮವ್ವ ಹುಡುಗಿಯ ಮಣಿಕಟ್ಟು ಹಿಡಿದಳು. ಸುಡುತ್ತಿತ್ತು.

"ಯಾವಾಗಿಂದ?"

"ನಾಕ ದಿನಾತ್ರಿ. ಮೊನ್ನಿ ಕಾಲ್ಮಡಿಯೂದ್ರಾಗ ರಕ್ತ ಬಂತು. ನಿನ್ನಿ ಲೈಟಿನ ಮುಂದ ಬಿದ್ದೆ. ನೀರ ಹೊಡದು ಎಬ್ಬಿಸಿ ಮತ್ತ ನಿಲ್ಲಿಸಿದ್ರು."

"ಈಗ?"

"ಮನಿಗಿ ಹೋಗು ಅಂದಾರ್ರಿ. ಸೀರಿ ಇಲ್ಲಲ್ಲ."

ಭರಮವ್ವ ಪಿಎಸ್‌ಐ ಅವರ ಮುಖ ನೋಡಿದಳು. ಅವರು ತಲೆಯಾಡಿಸಿದರು. ಹನಮವ್ವನನ್ನು ಜೊತೆಮಾಡಿ ಹುಡುಗಿಯನ್ನು ಜೀಪಿನಲ್ಲೇ ಕೂರಿಸಿಕೊಂಡು ಗೋಕಾಕದ ದವಾಖಾನೆಗೆ ಬಿಟ್ಟರು. ಅಲ್ಲಿಂದ ರೋಶನಬಿಯ ಓಣಿ ದೂರವಿರಲಿಲ್ಲ.

ಮನೆ ಹುಡುಕುವುದೂ ಕಷ್ಟವಾಗಲಿಲ್ಲ. ಅಂಗಳದ ಹಗ್ಗದ ಮೇಲೆ ಹಸಿರು ಒಂಬತ್ತು ಗಜದ ಸೀರೆ ಉದ್ದಕ್ಕೂ ಹರವಿಕೊಂಡು ಬಿಸಿಲು ಕಾಯುತ್ತಿತ್ತು.

ಬೀರಸಿದ್ದಪ್ಪ ಗಕ್ಕನೆ ನಿಂತ. "ಎಲಾ ಇಕಿನ! ಕಳವಿನ ಮಾಲು ಒಣಗಾಕ ಹಾಕ್ಯಾಳಲ್ರಿ ಸಾಹೇಬ್ರ!"

ಬಾಗಿಲಲ್ಲಿ ಹೊಲಿಗೆಯಂತ್ರದ ಮುಂದೆ ಕುಳಿತಿದ್ದ ಐವತ್ತರ ಹೆಂಗಸು ಕನ್ನಡಕ ತೆಗೆದು ಎದ್ದು ನಿಂತಳು. ಓಡಲಿಲ್ಲ, ಅಳಲಿಲ್ಲ.

"ನೀನ ತಗೊಂಡಿಯೇನು?" ಪಿಎಸ್‌ಐ ಕೇಳಿದರು.

"ಹೌದ್ರಿ."

"ಕೀಲಿ?"

"ನನ್ನ ಕಡೇನ ಇರ್ತಿತ್ತು."

"ಯಾಕ ತಗೊಂಡಿ?"

"ಹುಡುಗೀನ ಬಿಡ್ರಿ, ಸಾಯ್ತಾಳ ಅಂತ ಕೈ ಮುಗದೆ. ಸೀರಿ ಇರೂತನಕ ಬಿಡಂಗಿಲ್ಲ, ಹೊಲಿ ನೀನು ಅಂದ ಮ್ಯಾನೇಜರ. ಹಂಗಂದ್ರ ಸೀರಿನ ಇರಬಾರ್ದು ಅನಿಸ್ತು."

"ಸುಟ್ಟಬಿಟ್ಟಿದ್ರ ಯಾರಿಗಿ ಗೊತ್ತಾಗ್ತಿತ್ತಬೇ?" ಬೀರಸಿದ್ದಪ್ಪ ಕೇಳಿಯೇಬಿಟ್ಟ.

ರೋಶನಬಿಗೆ ಸಿಟ್ಟು ಬಂದದ್ದು ಆಗಲೇ. "ಮಂದಿ ಉಡೂ ಅರಬಿ ಸುಡ್ತಾರೇನೋ? ಮೂವತ್ತ ವರ್ಷ ಇದ ಕೆಲಸ ಮಾಡೇನಿ. ಹುಡುಗಿ ಊರ ಮುಟ್ಟಿದ ಮ್ಯಾಲ ಮಡಚಿ ಒಯ್ದು ಕೊಡಾಕಿ ಇದ್ದೆ. ಅಷ್ಟು ಹೊಲಸ ಅರಬಿ ಹೆಂಗ ಕೊಡ್ಲಿ? ಒಗದೆ." ಆಮೇಲೆ ದನಿ ಇಳಿಯಿತು. "ನಿನ್ನಿ ಬಿದ್ದ ಮ್ಯಾಲ ಮತ್ತ ಹೊಲದಾಕಿ ನಾನರಿ. ಕೈ ತಪ್ಪಿ ಸೂಜಿ ಬೆನ್ನಿಗಿ ಚುಚ್ಚಿತು. ಹುಡುಗಿಗಿ ಅದೂ ಗೊತ್ತಾಗಲಿಲ್ಲ."

ಸೀರೆಯನ್ನು ಪಂಚರ ಎದುರು ಜಪ್ತಿ ಮಾಡಲಾಯಿತು. ಸಂಜೆ ನಾಲ್ಕಕ್ಕೆ ಬಂಧನದ ಪತ್ರಕ್ಕೆ ರೋಶನಬಿ ಹೆಬ್ಬೆಟ್ಟು ಒತ್ತಲಿಲ್ಲ, ಉರ್ದುವಿನಲ್ಲಿ ನಿಧಾನವಾಗಿ ಸಹಿ ಮಾಡಿದಳು. ಕೆಲಸದವಳೇ ಕದ್ದದ್ದರಿಂದ ಕಲಂ 381 ಸೇರಿತು.

ಠಾಣೆಯಲ್ಲಿ ಸೀರೆ ಬಿಡಿಸಿ ನೋಡಿದ ಶ್ರೇಯಸ ತಲೆಯ ಮೇಲೆ ಕೈಹೊತ್ತ. ಸಾಬೂನು, ಬಿಸಿಲು ಸೇರಿ ಅರಿಶಿನ ಹಾರಿಹೋಗಿತ್ತು.

"ತೊಳೆದ್ಬಿಟ್ಟಿದಾಳಾ? ಕಲೆ ಎಲ್ಲಿ ಸರ್? ಮೂರು ವಾರದ ಶೂಟಿಂಗ್ ಹಾಳಾಯ್ತಲ್ಲ!"

"ಹುಡುಗಿ ಹೆಂಗದಾಳಂತ ಕೇಳಂಗಿಲ್ಲೇನ್ರಿ?" ಭರಮವ್ವ ಕೇಳಿದಳು.

"ಯಾವ ಹುಡುಗಿ?"

"ನಿಮ್ಮ ಸೀರಿ ಒಳಗ ಇದ್ದಾಕಿ."

ಅವನು ಸೀರೆಯನ್ನು ಮೇಜಿನ ಮೇಲೆ ಹಾಕಿ ಎದ್ದ. ಅವನು ಹೊರಟುಹೋದ ಮೇಲೆ ಭರಮವ್ವ ಮೇಜಿನ ಮುಂದೆ ನಿಂತಳು.

"ಸರ, ಹುಡುಗೀದು ಏನೂ ಬರಿಯಂಗಿಲ್ಲೇನ್ರಿ?"

"ಆಕಿ ಫಿರ್ಯಾದಿ ಕೊಟ್ರ ಈಗಿಂದೀಗ ಬರಕೋತೇನಿ, ಭರಮವ್ವಾರ. ಆದ್ರ ಅವರಪ್ಪ ದವಾಖಾನೆಗೆ ಬಂದು, ಗುಳಗಿ ತಗೊಂಡು, ಮನಿಗಿ ಕರಕೊಂಡು ಹೋಗ್ಯಾನ. ಲಗ್ನದ ಮಾತ ನಡದೇತಿ, ಪೊಲೀಸರ ಹೆಸರು ಬ್ಯಾಡ ಅಂದಾನ. ಆಕಿ ಬಾಯಿ ಬಿಡದಿದ್ರ ಈ ಕೇಸಿನಾಗ ಉಳಿಯೂದು ಒಂದ ಸೀರಿ, ಒಬ್ಬಾಕಿ ಕಳ್ಳಿ."

ಆರೋಪಿಯ ಹೇಳಿಕೆಯ ಕೊನೆಯಲ್ಲಿ ಅವರು ಕೃತ್ಯಕ್ಕೆ ಕಾರಣವನ್ನು ಒಂದೇ ಸಾಲಿನಲ್ಲಿ ಬರೆಸಿದರು: ಕಾಯಿಲೆ ಬಿದ್ದ ಹುಡುಗಿಗೆ ಬಿಡುವು ಸಿಗಲೆಂದು. ಮರುದಿನ ಹುಕ್ಕೇರಿ ಕೋರ್ಟಿಗೆ ಹಾಜರುಪಡಿಸಬೇಕಿತ್ತು. ರೋಶನಬಿ ಬೆಂಚಿನ ತುದಿಯಲ್ಲಿ ಕುಳಿತು, "ಜ್ವರ ಇಳದಿರಬೇಕಲ್ರಿ?" ಎಂದು ಎರಡು ಸಲ ಕೇಳಿದಳು.

"ಗುರುವಾರ ನಿನ್ನ ರಜಾ ಅಲ್ಲಕ್ಕಾ?" ಜೀಪಿನ ಕೀಲಿ ಗೂಟಕ್ಕೆ ಹಾಕುತ್ತ ಬೀರಸಿದ್ದಪ್ಪ ಕೇಳಿದ. "ಏನ್ ಹಂಚಿಕಿ ಹಾಕಿ?"

"ಏನಿಲ್ಲೋ. ಬಿದ್ಕೊಂಡ ಇರ್ತೇನಿ."

ತೃಪ್ತಿಯ ಊರು ಕುಲಗೋಡಕ್ಕೆ ಹೋಗಲು ಗೋಕಾಕದಲ್ಲಿ ಬಸ್ಸು ಬದಲಿಸಬೇಕು. ಅಪ್ಪ ಹೊಲಕ್ಕೆ ಹೋದ ಹೊತ್ತು ನೋಡಿಕೊಳ್ಳಬೇಕು. ತಾಯಿಯ ಬಾಜೂ ಕೂರಬೇಕು, ಲಗ್ನದ ಮಾತನ್ನೂ ಆಡಬೇಕು. ಒಳಗೆ ಕರೆಯದಿದ್ದರೆ ಹೊರಗಿನ ಕಟ್ಟೆಯಾದರೂ ಇದ್ದೇ ಇರುತ್ತದೆ. ಫಿರ್ಯಾದಿ ಕೊಡುತ್ತೇನೆಂದು ಹುಡುಗಿ ತನ್ನ ಬಾಯಿಂದ ಹೇಳುವವರೆಗೆ ಅಲ್ಲಿಂದ ಏಳುವುದಿಲ್ಲ ಎಂದುಕೊಂಡು ಭರಮವ್ವ ರೋಶನಬಿಗೆ ಊಟ ತರಿಸಲು ಹೊರಗೆ ನಡೆದಳು.