ತಪ್ಪುಕಾಣಿಕೆ ಕಟ್ಟಿದ ಪಾನಾ

ಸ್ಟೇರಿಂಗು ಹೊಳಿಯಪ್ಪನ ಕೈಯಲ್ಲೇ ಇತ್ತು. ಕಾರು ಮಾತ್ರ ಆಚೆ ಹುಣಸೆಮರದ ಬುಡಕ್ಕೆ ಮೂತಿ ಊರಿ ನಿಂತಿತ್ತು.

ದಸರೆಯ ಮಧ್ಯಾಹ್ನ. ಗಜೇಂದ್ರಗಡದ ಗುಡ್ಡದ ಇಳಿಜಾರು. ಬನ್ನಿ ಮುಡಿಯಲು ಹೊರಟ ಜನವೆಲ್ಲ ಅಲ್ಲೇ ನೆರೆದಿತ್ತು. ಅಪ್ಪನ ಕಾಲದ ಆ ಕಪ್ಪು ಕಾರಿನಲ್ಲಿ ಬನ್ನಿಗಿಡಕ್ಕೆ ಹೋಗದಿದ್ದರೆ ಹೊಳಿಯಪ್ಪನಿಗೆ ಅದು ಹಬ್ಬವೇ ಅಲ್ಲ. ಈ ಸಲ ಬಾಗಿಲು ತೆರೆದುಕೊಂಡು ಹೊರಗೆ ಬಿದ್ದಿದ್ದ. ಬಲಗೈ ಮುರಿದಿತ್ತು. ಬಾಯಿಗೆ ಏನೂ ಆಗಿರಲಿಲ್ಲ.

"ಆ ಮೈನುದ್ದೀನನ್ನ ಒಳಗ ಹಾಕ್ರಿ! ಮೊನ್ನೆ ಸ್ಟೇರಿಂಗ್ ಬಿಗಿ ಮಾಡೀನಿ ಅಂತ ಹೇಳಿ ಹೋದಾಂವ ಅಂವ!"

ಎ.ಎಸ್.ಐ. ಹುಚ್ಚಪ್ಪ ಸ್ಟೇರಿಂಗು ಇಸಿದುಕೊಂಡ. ಹೆಸರು ಹುಚ್ಚಪ್ಪನಾದರೂ ತಲೆ ನೆಟ್ಟಗಿದ್ದ ಮನುಷ್ಯ. ಅದು ತನಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು ಅನ್ನೋದೊಂದೇ ಅವನ ಐಬು.

"ರಿಪೇರಿ ಆದಮ್ಯಾಲ ಗಾಡಿ ಓಡಿಸಿದ್ರೇನು?"

"ಆ ದಿನಾನ ನರೇಗಲ್ಲಿಗೆ ಹೋಗಿ ಬಂದೆ. ಭಾಳ ಗಟ್ಟಿ ಇತ್ತು."

"ಹಂಗಾದ್ರ ದವಾಖಾನಿಗೆ ನಡೀರಿ," ಅಂದ ಹುಚ್ಚಪ್ಪ. "ಉಳಿದದ್ದು ನನಗ ಬಿಡ್ರಿ."

\* \* \*

ಅಷ್ಟರಲ್ಲಿ ಸುದ್ದಿ ಹಬ್ಬಿ ಬಜಾರದಲ್ಲಿ ಮೈನುದ್ದೀನನ ಗ್ಯಾರೇಜಿನ ಬಾಗಿಲಿಗೆ ಕಲ್ಲು ಬಿದ್ದಿತ್ತು. ಅವನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದ್ದರು.

"ಸಾಹೇಬ್ರ, ನನ್ನ ಕೈಮ್ಯಾಲಿನ ನಂಬಿಗಿಯಿಂದ ಗ್ಯಾರೇಜ್ ನಡದೈತ್ರಿ. ಅದು ಹೋತಂದ್ರ ನಾಳೆ ಸೈಕಲ್ ಪಂಚರಿಗೂ ಯಾರೂ ಬರೂದಿಲ್ರಿ."

ಹುಚ್ಚಪ್ಪ ಸ್ಟೇರಿಂಗನ್ನು ಮೇಜಿನ ಮೇಲಿಟ್ಟು, ನಡುವಿನ ಹಾರ್ನಿನ ಮುಚ್ಚಳ ತಿರುವಿದ. ಮುಚ್ಚಳ ಭದ್ರವಾಗಿಯೇ ಕೂತಿತ್ತು. ಅದರೊಳಗೆ, ಸ್ಟೇರಿಂಗನ್ನು ಕಂಬಿಗೆ ಹಿಡಿದಿಡುವ ದೊಡ್ಡ ನಟ್ಟು ಕಳಚಿಕೊಂಡು ಉರುಳಾಡುತ್ತಿತ್ತು. ಅದರ ಸುತ್ತ ಗ್ರೀಸು. ಗ್ರೀಸಿನಲ್ಲಿ ಹಳದಿ ಪುಡಿ.

ಹುಚ್ಚಪ್ಪ ಮೂಸಿ ನೋಡಿದ. ಭಂಡಾರ. ದೇವರಿಗೆ ಏರಿಸುವ ಅರಿಷಿಣದ ಪುಡಿ.

"ಮೈನುದ್ದೀನ, ನೀ ರಿಪೇರಿ ಮಾಡಿದ್ದು ಯಾವಾಗ?"

"ನಿನ್ನೆ ಆಯುಧಗಳ ಖಂಡೆಪೂಜಿ ಆತಲ್ರಿ, ಅದರ ಹಿಂದಿನ ದಿನ."

"ಪೂಜಿಗೆ ನಿನ್ನ ಪಾನಾಗಳಿಗೆ ಏನ್ ಹಚ್ಚಿದ್ದಿ?"

"ಹೂ ಏರಿಸಿ ಊದುಬತ್ತಿ ಹಚ್ಚೇನ್ರಿ, ಅಷ್ಟ. ಪೂಜಿಗಿಟ್ಟಮ್ಯಾಲ ಬನ್ನಿ ಮುಡಿಯೂತನಕ ಯಾರು ಮುಟ್ಟತಾರ್ರಿ?"

ಹುಚ್ಚಪ್ಪ ಮೀಸೆಯಡಿ ನಕ್ಕ. ಯಾರೋ ಮುಟ್ಟಿದ್ದರು.

\* \* \*

ಹೊಳಿಯಪ್ಪನ ಮನೆಯಲ್ಲಿ ಮೊದಲು ಕೈಗೆ ಸಿಕ್ಕವನು ಮಗ ಮಂಜು. ಹುಬ್ಬಳ್ಳಿಯವರೊಬ್ಬರು ಕಾರನ್ನು ಕ್ರಯಕ್ಕೆ ಕೇಳಿದ್ದರು. ಕೊಟ್ಟುಬಿಡೋಣ ಎಂದು ಮಗ, ನನ್ನ ಹೆಣದ ಮೇಲೆ ಎಂದು ಅಪ್ಪ. ಜಗಳ ಓಣಿಗೆಲ್ಲ ಕೇಳಿತ್ತು.

"ನೀನ ಸಡ್ಲ ಮಾಡಿದಿ ಹೌದಲ್ಲ?"

"ಮಾರಬೇಕಂದಾಂವ ಗಾಡಿನ ಗಿಡಕ್ಕ ಬಡಿಸ್ತಾನೇನ್ರಿ ಸಾಹೇಬ್ರ?"

ಮಾತು ಖರೇ ಇತ್ತು. ಹುಚ್ಚಪ್ಪ ತನ್ನ ಲೆಕ್ಕ ತಪ್ಪಿದ್ದನ್ನು ತೋರಗೊಡದೆ ಬೂಟು ಬಿಚ್ಚಿ ದೇವರ ಜಗಲಿಯ ಮುಂದೆ ಕೂತ. ಕುಡಗೋಲು, ಕೊಡಲಿ, ಸುತ್ತಿಗೆ, ಕಾರಿನ ನಟ್ಟು ತಿರುವುವ ಪಾನಾಗಳು ಪೂಜೆಗಿಟ್ಟಂತೆಯೇ ಇದ್ದವು. ಎಲ್ಲದರ ಮೇಲೂ ಭಂಡಾರ, ಬಾಡಿದ ಸೇವಂತಿಗೆ.

ಒಂದು ದೊಡ್ಡ ಪಾನಾದ ಮೇಲೆ ಮಾತ್ರ ಹೂ ತಾಜಾ ಇತ್ತು. ಅದರ ಬಾಯಲ್ಲಿ ಗ್ರೀಸು. ಹಿಡಿಕೆಗೆ ಹಳದಿ ಅರಿವೆಯ ಸಣ್ಣ ಗಂಟು. ಬಿಚ್ಚಿದ. ಒಂದು ನಾಣ್ಯ.

"ತಪ್ಪುಕಾಣಿಕಿ," ಅಂದ ಹುಚ್ಚಪ್ಪ, ಬಾಗಿಲಲ್ಲಿ ನಿಂತಿದ್ದ ಹೊಳಿಯಪ್ಪನ ಹೆಂಡತಿಯ ಕಡೆ ತಿರುಗದೆಯೇ. "ಮೈನುದ್ದೀನ ಬಿಗಿ ಮಾಡಿದ್ದು ಪೂಜಿಗಿಂತ ಮೊದಲ. ಹಾರ್ನಿನ ಮುಚ್ಚಳ ಮುಚ್ಚೇ ಇತ್ತು. ಅಂದ್ರ ಒಳಗ ಭಂಡಾರ ಹೋಗಿದ್ದು ಪೂಜಿ ಆದಮ್ಯಾಲ, ಈ ಪಾನಾದಿಂದ. ಎತ್ತಿದಾಂವ ಮಂಜು ಆಗಿದ್ರ ಅಂಗಳದಾಗ ಒಗದು ಹೋಗತಿದ್ದ. ದೇವರ ಮುಂದಿಂದು ಮುಟ್ಟೀನಿ ಅಂತ ಹೆದರಿ, ಹೊಸಾ ಹೂ ಏರಿಸಿ, ಕಾಣಿಕಿ ಕಟ್ಟೋರು ಈ ಮನ್ಯಾಗ ನೀವೊಬ್ಬರ, ಮಾನವ್ವಾರ."

ಮಾನವ್ವ ಒಳಗೆ ಬಂದು ಜಗಲಿಯ ಎದುರು ಕೂತಳು.

"ಅವರ ಕಣ್ಣಿಗೆ ಪೊರಿ ಬಂದೈತ್ರಿ. ಹೋದ ತಿಂಗಳ ಒಂದು ಕೂಸಿನ ಮ್ಯಾಲ ಹಾಯಿಸೂದು ಕೂದಲೆಳಿಯಾಗ ತಪ್ಪಿತು. ಆಮ್ಯಾಲ ಸ್ಟೇರಿಂಗ್ ಅಲ್ಲಾಡಾಕತ್ತಿತು, ಗಾಡಿ ತಗೀಲಿಲ್ಲ. ನನಗ ನಿದ್ದಿ ಹತ್ತಿತು. ಅಷ್ಟರಾಗ ಮೈನುದ್ದೀನ ಬಂದು ಬಿಗಿ ಮಾಡಿದ. ಚಾ ಕೊಟ್ಟು ನಿಂತು ನೋಡಿದ್ದೆ. ಪೂಜಿ ಮುಗದು ಎಲ್ಲಾರೂ ಹೋಳಿಗಿ ಉಂಡು ಮಲಗಿದಾಗ ಮೊದಲಿನಂಗ ಸಡ್ಲ ಮಾಡಿದೆ. ಅಂಗಳದಾಗ ಅಲ್ಲಾಡಿದ್ರ ಇಳದು ಬರತಾರ ಅಂತ ತಿಳಕೊಂಡಿದ್ದೆ. ಎಷ್ಟು ತಿರುವಬೇಕಂತ ಗೊತ್ತಾಗಲಿಲ್ರಿ."

ಹುಚ್ಚಪ್ಪನಿಗೆ ಅವಳ ಮೇಲೆ ಕರುಣೆ ಬಂತು. ಸಿಟ್ಟೂ ಬಂತು.

"ಪಾನಾ ಮುಟ್ಟಿದ್ದಕ್ಕ ದೇವರಿಗೆ ಕಾಣಿಕಿ ಕಟ್ಟೀರಿ. ಅಲ್ಲಿ ಠಾಣೆದಾಗ ಕುಂತಾನಲ್ರಿ, ಅವಗ ಏನ್ ಕಟ್ತೀರಿ?"

ಮಾನವ್ವ ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟಿದಳು.

\* \* \*

ಠಾಣೆಯಲ್ಲಿ ಅವಳು ಬರೆಸಬೇಕಾದ್ದನ್ನೆಲ್ಲ ಬರೆಸಿದಳು. ಕೇಸು ಅವಳ ಹೆಸರಿಗೆ ತಿರುಗಿತು. ಆಮೇಲೆ ಸೆರಗಿನ ತುದಿಯಿಂದ ಬನ್ನಿ ಎಲೆ ತೆಗೆದು ಮೈನುದ್ದೀನನ ಮುಂದೆ ಹಿಡಿದಳು.

"ಬನ್ನಿ ತಗೊಂಡು ಬಂಗಾರದಂಗ ಇರೂಣಪ್ಪ. ನನ್ನ ತಪ್ಪು ಹೊಟ್ಯಾಗ ಹಾಕ್ಕೊ."

ಮೈನುದ್ದೀನ ಕೈ ಚಾಚಲಿಲ್ಲ.

"ತಗೊಂತೀನ್ರಿ ಅವ್ವಾರ. ಆದ್ರ ಇಲ್ಲಿ ಬ್ಯಾಡ. ಕಲ್ಲು ಬಿದ್ದಲ್ಲೆ ಬಂದು ಕೊಡ್ರಿ."

ಹುಚ್ಚಪ್ಪ ಟೋಪಿ ತಲೆಗಿಟ್ಟ. "ನಡೀರಿ, ನಾನೂ ಬರತೀನಿ."

ಹಬ್ಬದ ಬಜಾರ ಕಿಕ್ಕಿರಿದಿತ್ತು. ಎಂದೂ ಓಣಿಯಲ್ಲಿ ದನಿ ಎತ್ತದ ಮಾನವ್ವ ಗ್ಯಾರೇಜಿನ ಮುಂದೆ ನಿಂತು ಸೆರಗು ಬಿಗಿದುಕೊಂಡಳು.

"ಎಲ್ಲಾರೂ ಕೇಳ್ರಿ! ಇಂವ ಚಲೋನ ಬಿಗದಿದ್ದ. ಬಿಚ್ಚಿದಾಕಿ ನಾನು."

ಬನ್ನಿ ಎಲೆ ಮತ್ತೆ ಅವನ ಮುಂದೆ ಹಿಡಿದಳು. ಮೈನುದ್ದೀನ ಎರಡೂ ಕೈಯೊಡ್ಡಿ ಬನ್ನಿ ತಗೊಂಡ.