ಪೊದೆಯ ಹಿಂದಿದ್ದ ಅಜ್ಜಿ

"ಒಂದು ಚೂರು ಬೆಳಕು ಅಜ್ಜಿ, ಇಷ್ಟೇ ಇಷ್ಟು," ಎಂದು ಮೊಮ್ಮಗಳು ಕಡ್ಡಿ ತನ್ನ ಕಿರುಬೆರಳಿನ ಉಗುರು ತೋರಿಸಿದಳು. "ಅಷ್ಟು ನೋಡ್ದೆ ಅಂತ ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?"

ಅಜ್ಜಿ ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. "ಉಗುರಷ್ಟೂ ಬೆಳಕಿರಲಿಲ್ಲ ಕಣೇ. ಇದ್ದದ್ದು ಹೊಟ್ಟೆನೋವು."

ಕಡ್ಡಿ ಹಣೆ ಚಚ್ಚಿಕೊಂಡಳು.

ಊರಿಗೆಲ್ಲ ಬಾಯಿಪಾಠವಾದ ಕತೆ ಅದು. ಅಜ್ಜಿ ಚಿಕ್ಕವಳಿದ್ದಾಗ ನಾಲ್ಕು ಮಕ್ಕಳು ಸೌದೆ ಆರಿಸಲು ಗುಡ್ಡಕ್ಕೆ ಹೋಗಿದ್ದರು. ಬಂಡೆಯ ಮೇಲೆ ಮಾತೆ ಮರಿಯಮ್ಮ ಕಾಣಿಸಿಕೊಂಡರು ಎಂದು ಮೂವರು ಓಡಿಬಂದು ಹೇಳಿದರು. ನಾಲ್ಕನೆಯವಳೇ ಅಜ್ಜಿ. ಯಾರದೋ ತೋಟದ ಹುಳಿಕಾಯಿಗಳನ್ನು ಹೊಟ್ಟೆ ಬಿರಿಯ ತಿಂದಿದ್ದ ಅವಳು ಸರಿಯಾಗಿ ಅದೇ ಹೊತ್ತಿಗೆ ಪೊದೆಯ ಹಿಂದೆ ಕೂತಿದ್ದಳು. ಹೊಟ್ಟೆಗೆ ಹೊತ್ತುಗೊತ್ತು ಗೊತ್ತೇ?

ಆಮೇಲೆ ಗುಡ್ಡದ ಮೇಲೆ ಚರ್ಚು ಬಂತು. ಚರ್ಚಿನ ಹಿಂದೆ ಬಸ್ಸುಗಳು ಬಂದವು. ಬಸ್ಸುಗಳ ಹಿಂದೆ ಲಾಡ್ಜು, ಮೇಣದಬತ್ತಿ ಅಂಗಡಿ, ಪಾರ್ಕಿಂಗ್ ಜಗಳ ಎಲ್ಲ ಬಂದವು. ನೋಡನೋಡುತ್ತ ಎಲ್ಲರ ತಾತಂದಿರೂ ಅಂದು ಏನೋ ಒಂದನ್ನು ನೋಡಿದವರೇ ಆದರು. ಬೇಕರಿ ತಾತ ಆಗ ಬೇರೆ ಊರಲ್ಲಿ ಕೆಲಸಕ್ಕಿದ್ದರು. ಅವರು ಅಲ್ಲಿಂದಲೇ ನೋಡಿದ್ದರಂತೆ.

ನಿಜವಾಗಿ ಕಂಡ ಮೂವರೂ ತೀರಿಕೊಂಡು, ಉಳಿದವಳು ಅಜ್ಜಿ ಒಬ್ಬಳೇ. ಯಾತ್ರಿಕರು ಹುಡುಕಿಕೊಂಡು ಮನೆಗೇ ಬರುತ್ತಿದ್ದರು. ಅಜ್ಜಿ ಪ್ರೀತಿಯಿಂದ ಕೂರಿಸಿ ಪೊದೆಯ ಕತೆ ಹೇಳುತ್ತಿದ್ದಳು. ಅವರು ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಎದ್ದು ಹೋಗುತ್ತಿದ್ದರು. ಬೇಕರಿ ತಾತನ ಮೊಮ್ಮಗನಂತೂ ಇಡೀ ಕ್ಲಾಸಿನ ಮುಂದೆ ಕಡ್ಡಿಗೆ 'ಪೊದೆ' ಎಂದೇ ಹೆಸರಿಟ್ಟಿದ್ದ.

ಇವತ್ತು ಶಾಲೆಯಲ್ಲಿ ಹಿರಿಯರ ಕಾರ್ಯಕ್ರಮ. ಸ್ಟೇಜು, ಮೈಕು, ಜೊತೆಗೆ ಎರಡು ಬಸ್ಸಿನ ಯಾತ್ರಿಕರು. ಆ ಹೆಸರು ಅಳಿಸಿಹೋಗಬೇಕಾದರೆ ಇದೇ ಅವಕಾಶ.

"ಹೇಳ್ತೀಯಾ ತಾನೇ?"

"ನಡಿ ನೋಡೋಣ," ಎಂದಳು ಅಜ್ಜಿ.

ಮೊದಲು ಬೇಕರಿ ತಾತ ಮೈಕು ಹಿಡಿದರು. ಕಾಗೆ ಹಾರಿಸುವುದರಲ್ಲಿ ಅವರದು ಎತ್ತಿದ ಕೈ. ಹೋದ ವರ್ಷ ಬರೀ ಬೆಳಕಿತ್ತು, ಈ ವರ್ಷ ಸಂಗೀತವೂ ಸೇರಿತ್ತು. ಚಪ್ಪಾಳೆ ಜೋರಾಗಿ ಬಿತ್ತು.

ಅಜ್ಜಿಯ ಸರದಿ ಬಂತು. ಅವಳು ಕಡ್ಡಿಯನ್ನು ಹುಡುಕಿದಳು. ಕಡ್ಡಿ ಕಿರುಬೆರಳು ಎತ್ತಿ ತೋರಿಸಿದಳು.

"ಮೊಮ್ಮಗಳು ಒಂದು ಚೂರು ಬೆಳಕು ಕೇಳಿದ್ಲು," ಎಂದಳು ಅಜ್ಜಿ. "ಕೊಡೋಣ ಅಂತಾನೇ ಬಂದೆ. ಬಾಯಿಗೇ ಬರ್ತಾ ಇಲ್ಲ. ನಾನೇನೂ ನೋಡ್ಲಿಲ್ಲ, ಪೊದೆ ಹಿಂದೆ ಇದ್ದೆ. ಆದ್ರೆ ಅವರು ಮೂವರೂ ಓಡಿ ಬಂದ್ರಲ್ಲ, ಆಗ ಅವರ ಮುಖ ನೋಡ್ದೆ. ಅಂಥ ಮುಖ ಮತ್ತೆ ಎಲ್ಲೂ ನೋಡಿಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಭೆಯೇ ನಕ್ಕಿತು. ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು ಕಡ್ಡಿಗೆ. ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಸಿಟ್ಟಿನಿಂದ ಅಜ್ಜಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು.

ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ದಪ್ಪ ಮೀಸೆಯ ಬಸ್ ಡ್ರೈವರ್ ಕ್ಯಾಪು ಕೈಯಲ್ಲಿ ಹಿಡಿದು ನಿಂತಿದ್ದ.

"ಅಜ್ಜಿ, ಶಾಲೇಲಿ ನಿಮ್ಮ ಮಾತು ಕೇಳ್ದೆ. ನಾನು ಪ್ರತಿ ವಾರ ಇಲ್ಲಿಗೆ ಬಸ್ ತುಂಬ ಜನಾನ ಕರ್ಕೊಂಡು ಬರ್ತೀನಿ. ಗುಡ್ಡದ ಮೇಲೆ ಅವರಿಗೆಲ್ಲ ಏನೋ ಆಗುತ್ತೆ. ಅಳ್ತಾರೆ, ನಗ್ತಾರೆ. ನಾನೂ ಹತ್ತೀನಿ. ನನಗೆ ಮಂಡಿನೋವು ಬಿಟ್ರೆ ಏನೂ ಆಗಿಲ್ಲ." ಅವನ ದನಿ ಸಣ್ಣದಾಯಿತು. "ಎಲ್ಲರನ್ನೂ ಬಿಟ್ಟು ನನ್ನೊಬ್ಬನನ್ನೇ ಆ ತಾಯಿ ಬೇಡ ಅಂದ್ಲು ಅಂದ್ಕೊಂಡಿದ್ದೆ. ಯಾರ ಹತ್ರಾನೂ ಹೇಳಿಲ್ಲ."

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನೀನು ಯಾವ ಪೊದೆ ಹಿಂದೆ ಇದ್ದೆಯಪ್ಪ?"

"ಸ್ಟೀರಿಂಗ್ ಹಿಂದೆ," ಎಂದ ಡ್ರೈವರ್.

ಇಬ್ಬರೂ ನಕ್ಕರು. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಡ್ರೈವರ್ ನಗುತ್ತ ನಗುತ್ತ ಕ್ಯಾಪಿನಿಂದ ಕಣ್ಣು ಒರೆಸಿಕೊಂಡ. ಒರೆಸಿದಷ್ಟೂ ಕಣ್ಣು ತುಂಬುತ್ತಲೇ ಇತ್ತು. ಕಡ್ಡಿ ಅವನ ಮುಖವನ್ನೇ ನೋಡುತ್ತ ನಿಂತಳು. ಸಿಟ್ಟು ಎಲ್ಲಿ ಹೋಯಿತೋ ಅವಳಿಗೆ ತಿಳಿಯಲಿಲ್ಲ.

ಮುಂದಿನ ಭಾನುವಾರ ಒಂದು ಗುಂಪು ಗೇಟಿನ ಬಳಿ ನಿಂತಿತು. "ಮಾತೆಯನ್ನ ಕಂಡ ಅಜ್ಜಿಯ ಮನೆ ಇದೇನಾ ಪುಟ್ಟ?"

ಎದುರಿನ ಬೇಕರಿ ಬಾಗಿಲಲ್ಲಿ ಮೊಮ್ಮಗ ಹಲ್ಲು ಕಿರಿಯುತ್ತಿದ್ದ.

"ಕಂಡವರ ಮನೆಗಳು ಊರ ತುಂಬ ಇವೆ. ಬೇಕರಿಯಿಂದ ಶುರು ಮಾಡಿ," ಎಂದಳು ಕಡ್ಡಿ. "ಕಾಣದವರ ಮನೆ ಇದೊಂದೇ."

ಗುಂಪು ಬೇಕರಿಯ ಕಡೆ ತಿರುಗಿತು. ಎಲ್ಲರಿಗಿಂತ ಹಿಂದೆ ಇದ್ದ ಹೆಂಗಸೊಬ್ಬಳು ಮಾತ್ರ ಅಲ್ಲೇ ನಿಂತಳು. ಅತ್ತಿತ್ತ ನೋಡಿ, ಮೆಲ್ಲಗೆ ಗೇಟಿನ ಚಿಲಕಕ್ಕೆ ಕೈ ಹಾಕಿದಳು.

ಕಡ್ಡಿ ಇನ್ನೊಂದು ಕುರ್ಚಿ ತರಲು ಒಳಗೆ ಓಡಿದಳು.