ಮೇಷ್ಟ್ರು ಬಚ್ಚಿಟ್ಟ ಬೋಗುಣಿಗಳು

ಮಾರಾಟದ ಮೇಜಿನ ಮೇಲೆ ಎಲ್ಲರೂ ಕಡೆದ ಮರದ ಬೋಗುಣಿಗಳಿದ್ದವು. ಟೈಲರಮ್ಮನದು ಮಾತ್ರ ಈ ಸಲವೂ ಇರಲಿಲ್ಲ.

ಮಕ್ಕಳ ಆಸ್ಪತ್ರೆಗೆಂದು ಮರಗೆಲಸದ ಕ್ಲಬ್ಬು ಪ್ರತಿ ತಿಂಗಳೂ ಬೋಗುಣಿ ಮಾರುತ್ತಿತ್ತು. ಕಲಿಯಲು ಬಂದವರೂ ತಾವು ಮಾಡಿದ್ದನ್ನು ಕೊಡಬೇಕು. ಒಂದು ಮಾರಾಟವಾದರೆ ಮೊದಲ ತರಗತಿ ಪಾಸು. ಟೈಲರಮ್ಮನೂ ತಪ್ಪದೆ ಕೊಡುತ್ತಿದ್ದಳು. ಮಾರಾಟದ ದಿನ ನೋಡಿದರೆ ಮಂಗಮಾಯ.

"ಯಾರೋ ಮೊದಲೇ ಕೊಂಡಿರ್ತಾರೆ ಬಿಡೇ," ಎಂದಳು ಜೊತೆಗೆ ಬಂದಿದ್ದ ಅಕ್ಕ.

"ನಾವು ಕೊಟ್ಟಿದ್ದನ್ನ ಇಡೋ ಸ್ಟೋರ್ ರೂಮಿನ ಬೀಗದ ಕೈ ಇರೋದು ಒಬ್ಬರ ಹತ್ರ ಮಾತ್ರ."

ಆ ಒಬ್ಬರು, ಅಂದರೆ ಮೇಷ್ಟ್ರು, ಅಷ್ಟರಲ್ಲಿ ತಲೆಯೆತ್ತಿ ಅವಳತ್ತ ನಕ್ಕರು. ಹುಬ್ಬಿನ ಮೇಲೆಲ್ಲ ಮರದ ಪುಡಿ. ನಕ್ಕವರೇ ಕಳ್ಳನ ಹಾಗೆ ಬೇರೆ ಕಡೆ ನೋಡಿದರು.

ಆ ನಗು ಕಂಡರೆ ಅವಳ ಹಾಳಾದ ಎದೆ ಡವಡವ ಅನ್ನುತ್ತಿತ್ತು. ಅವಳ ಅನುಮಾನ ಹೆಚ್ಚಿದ್ದೂ ಅದಕ್ಕೇ. ಹಿಂದೊಮ್ಮೆ ಇಂಥದೇ ನಗುವನ್ನು ನಂಬಿ, ಮದುವೆಯ ಬಟ್ಟೆಯನ್ನು ತಾನೇ ಹೊಲಿದು, ಕೊನೆಗೆ ಆ ಹೊಲಿಗೆಯನ್ನೂ ತಾನೇ ಬಿಚ್ಚಿದವಳು ಅವಳು. ಇನ್ನೊಂದು ಸಲ ಮೋಸಹೋದರೆ ಏಳುವ ಶಕ್ತಿ ಅವಳಲ್ಲಿರಲಿಲ್ಲ.

ತರಗತಿಯಲ್ಲಿ ಅವಳ ಉಳಿಯನ್ನು ಒಂದೇ ಬೆರಳಿನಿಂದ ಚೂರು ವಾಲಿಸಿ, "ತುಂಬಾ ಚೆನ್ನಾಗಿದೆ," ಎನ್ನುತ್ತಿದ್ದರು ಮೇಷ್ಟ್ರು. ಅಷ್ಟು ಚೆನ್ನಾಗಿದ್ದರೆ ಮೇಜಿನ ಮೇಲಿಡಲು ಏನು ರೋಗ?

ಮಾರಾಟದ ನಡುವೆ ಅವರು ಸ್ಟೋರ್ ರೂಮಿಗೆ ಹೋದಾಗ ಅವಳೂ ಹಿಂದೆಯೇ ಹೋದಳು. ಮೇಲಿನ ಶೆಲ್ಫಿನಲ್ಲಿ, ಗೋಣಿಚೀಲಗಳ ಮರೆಯಲ್ಲಿ, ಅವಳ ಬೋಗುಣಿಗಳೆಲ್ಲ ಕುಳಿತಿದ್ದವು. ಒಂದೊಂದೂ ತಳದಿಂದ ಅಂಚಿನವರೆಗೆ ಸೀಳಿತ್ತು.

"ಯಾರು ಒಡೆದದ್ದು?"

ಮೇಷ್ಟ್ರು ಬೆಚ್ಚಿ ತಿರುಗಿದರು. "ಯಾರೂ ಅಲ್ಲ. ಹಸಿ ಮರದ ನಡುತಿರುಳು ತಳದಲ್ಲೇ ಉಳಿದ್ರೆ, ಒಣಗ್ತಾ ಬೋಗುಣಿ ಸೀಳುತ್ತೆ. ಕಡೆಯೋಕೆ ಮುಂಚೆನೇ ತಿರುಳನ್ನ ಕತ್ತರಿಸಿ ತೆಗೀಬೇಕು."

"ಉಳಿದವರಿಗೆ ಇದು ಗೊತ್ತಾ?"

"ಮೊದಲನೇ ಕ್ಲಾಸಲ್ಲೇ ಹೇಳಿದ್ದೆ. ಅವತ್ತು ನೀವು ಬಂದಿರಲಿಲ್ಲ."

"ಆಮೇಲೆ ಹೇಳೋಕೇನಾಗಿತ್ತು?"

ಅವರು ಏಪ್ರನ್ನಿನ ತುದಿಯಲ್ಲಿ ಕೈ ಒರೆಸಿದರು, ಮತ್ತೆ ಒರೆಸಿದರು. "ಹೇಳಿದ್ರೆ ನೀವು ಪಾಸಾಗ್ತೀರಿ. ಮುಂದಿನ ತರಗತಿ ಕಲಿಸೋದು ಬೇರೆ ಮೇಷ್ಟ್ರು. ನಿಮ್ಮನ್ನ ನೋಡದೆ ಶನಿವಾರ ಹೇಗೆ ಕಳೆಯೋದು ಅಂತ..."

ಅವಳಿಗೆ ಮೈಯೆಲ್ಲ ಉರಿಯಿತು. ಅದರ ಜೊತೆಗೇ ನುಗ್ಗಿ ಬಂದ ಖುಷಿಯನ್ನು ಅವಳು ತುಟಿ ಕಚ್ಚಿ ತಡೆದಳು.

"ಪ್ರೀತಿ ಅಂತ ಸುಳ್ಳು ಹೇಳಿದವರನ್ನ ಮೊದಲೇ ನೋಡಿದ್ದೀನಿ ಮೇಷ್ಟ್ರೇ."

"ತಪ್ಪು ನಂದೇ. ನಿಮ್ಮ ಕೆಲಸ ಕೆಡಿಸಿ ನಿಮ್ಮನ್ನ ಇಲ್ಲೇ ಉಳಿಸ್ಕೊಳ್ಳೋಕೆ ನೋಡಿದೆ. ಕ್ಲಬ್ಬಿಗೆ ದೂರು ಕೊಡಿ, ನಾನು ಅಡ್ಡ ಬರಲ್ಲ."

ತಪ್ಪು ನಂದೇ ಎಂಬ ಮಾತನ್ನು ಆ ಹಿಂದಿನವನು ಕೊನೆಯವರೆಗೂ ಆಡಿರಲಿಲ್ಲ.

"ದೂರು ಆಮೇಲೆ ನೋಡೋಣ. ಮೊದಲು ಸರಿಯಾಗಿ ಕಲಿಸಿ."

ಮುಂದಿನ ಶನಿವಾರ ಅವರು ದಿಮ್ಮಿಯನ್ನು ತಿರುಳಿನ ಎರಡೂ ಪಕ್ಕ ಅವಳ ಕೈಯಲ್ಲೇ ಸೀಳಿಸಿದರು. ಅವಳು ಮರವನ್ನು ತಿರುಗಿಸಿ ಕಡೆಯುವ ಲೇತಿಗೆ ನಿಂತಳು. ಅವರು ಉಳಿ ಮುಟ್ಟಲಿಲ್ಲ, ಹೊಗಳಲೂ ಇಲ್ಲ. "ತಳ ದಪ್ಪ ಆಯ್ತು," ಎಂದರು. "ಅಂಚು ಓರೆ." ಆ ಬೈಗುಳಗಳು ಅವಳಿಗೆ ಎಷ್ಟು ಹಿತವಾಗಿದ್ದವೆಂದರೆ, ಇನ್ನಷ್ಟು ಬೈಯಲಿ ಅನ್ನಿಸಿತು. ಆದರೂ ಕಡೆದ ಬೋಗುಣಿಯನ್ನು ಮನೆಗೆ ಒಯ್ದು, ಒಣಗುವವರೆಗೂ ದಿನಾ ಎತ್ತಿ ನೋಡಿದಳು. ಮೇಷ್ಟ್ರ ಮಾತನ್ನು ಅವಳು ಇನ್ನೂ ಪೂರ್ತಿ ನಂಬಿರಲಿಲ್ಲ. ಬೋಗುಣಿ ಸೀಳಲಿಲ್ಲ.

ಮುಂದಿನ ಮಾರಾಟದಲ್ಲಿ ಒಬ್ಬರು ಅಜ್ಜಿ ಅದನ್ನು ತಿರುಗಿಸಿ, ತಟ್ಟಿ ನೋಡಿ ಕೊಂಡೊಯ್ದರು.

"ಪಾಸಾದ್ರಿ," ಎಂದರು ಮೇಷ್ಟ್ರು. ಧ್ವನಿ ಕುಗ್ಗಿತ್ತು. "ಮುಂದಿನ ವಾರದಿಂದ ಪಕ್ಕದ ಕೋಣೆ."

"ಗೊತ್ತು. ಕ್ಲಾಸು ಬಿಟ್ಟಮೇಲೆ ಬಾಗಿಲ ಹತ್ರ ನಿಂತಿರಿ. ಮನೆವರೆಗೂ ಜೊತೆಗೆ ನಡೀಬಹುದು."

ಅವರು ಕಣ್ಣರಳಿಸಿದರು. "ಹಾಗಾದ್ರೆ ಅನುಮಾನ ಹೋಯ್ತಾ?"

"ಇಲ್ಲ," ಎಂದಳು ಅವಳು, ಈ ಸಲ ನಗುವನ್ನು ತಡೆಯದೆ. "ಹೋಗೋವರೆಗೂ ದಿನಾ ಬನ್ನಿ."